ದೂರದ ಸೈಕಲ್ ಯಾತ್ರೆಗೆ ದೇಹವನ್ನು ಅಣಿಗೊಳಿಸುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಮಾಜಿ ಸದಸ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಬೆಳಗಿನಿಂದ ತಾವು ಕ್ರಿಯಾಯೋಜನೆ, ತೆರಿಗೆ ವಸೂಲಾತಿ, ಲೆಕ್ಕಪರಿಶೋಧನೆ ಇವುಗಳ ಕುರಿತು ಆಲಿಸಿದ್ದೀರಿ. ಊಟದ ನಂತರದ ಈ ಅವಧಿಯನ್ನು ಸೈಕಲ್ಲಿಗೆ ಮೀಸಲಿರಿಸಿರುವುದನ್ನು ಕಂಡು ಕೆಲವರು ನಕ್ಕಿದ್ದನ್ನು ನಾನು ಗಮನಿಸಿದೆ. ನಗಬೇಕಾದ ವಿಷಯವೇ ಹೌದು. ಐವತ್ತರ ಅಂಚಿನಲ್ಲಿ ಹೊಟ್ಟೆ ಬಂದಿರುವ ಪಂಚಾಯತಿ ಸದಸ್ಯನೊಬ್ಬ ಶಿವಮೊಗ್ಗದಿಂದ ಜೋಗದವರೆಗೆ ಸೈಕಲ್ ತುಳಿಯುತ್ತೇನೆಂದು ಹೊರಟಾಗ ನನ್ನ ಮನೆಯವರೂ ನಕ್ಕಿದ್ದರು. ನಾನು ವ್ಯಾಯಾಮ ಶಿಕ್ಷಕನಲ್ಲ, ವೈದ್ಯನೂ ಅಲ್ಲ. ಒಂದು ಅವಧಿಗೆ ಸದಸ್ಯನಾಗಿದ್ದವನು. ಎರಡು ಎಕರೆ ಅಡಿಕೆ ತೋಟದ ಒಡೆಯ. ಮೊದಲ ವರ್ಷ ಅರ್ಧ ದಾರಿಯಲ್ಲಿ ಸೋತು ಟೆಂಪೋ ಹತ್ತಿದೆ. ಎರಡನೆಯ ವರ್ಷ ಗುರಿ ಮುಟ್ಟಿದೆ. ಈ ಎರಡು ವರ್ಷಗಳ ನಡುವಿನ ವ್ಯತ್ಯಾಸವನ್ನು ತಿಳಿಸುವುದಷ್ಟೇ ನನ್ನ ಉದ್ದೇಶ.

ಯಾತ್ರೆಯ ಕಾರಣವನ್ನು ಮೊದಲು ಹೇಳುತ್ತೇನೆ. ನಮ್ಮ ಊರಿನಲ್ಲಿ ಮೂವರಿಗೆ ಮೂತ್ರಪಿಂಡ ವೈಫಲ್ಯವಾಗಿದೆ. ಅವರಲ್ಲೊಬ್ಬರು ಮೊದಲು ಕೊನೆಗೌಡರಾಗಿದ್ದವರು. ಮರದಿಂದ ಮರಕ್ಕೆ ದಾಟಿ ಅಡಿಕೆ ಗೊನೆ ಇಳಿಸುತ್ತಿದ್ದ ಆಳು ಈಗ ಮನೆಯ ಮೆಟ್ಟಿಲೇರಲು ಏದುಸಿರು ಬಿಡುತ್ತಾರೆ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಲೇಬೇಕು; ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾಗಿಯೇ ದೊರೆಯುತ್ತದೆ. ಆದರೆ ಆಸ್ಪತ್ರೆಯವರೆಗೆ ಹೋಗುವುದು ಉಚಿತವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ನಮ್ಮ ಊರಿಗೆ ಆ ಬಸ್ಸೇ ಬರುವುದಿಲ್ಲ. ಆಟೋದವರು ಹೋಗಿ, ನಾಲ್ಕು ಗಂಟೆ ಕಾದು, ಮರಳಿ ಕರೆತರಬೇಕು. ಹಣವಿಲ್ಲದೆ ಆ ಕೊನೆಗೌಡರು ಒಂದು ಸರದಿ ತಪ್ಪಿಸಿದರು. ಮೈ ಊದಿಕೊಂಡು, ಉಸಿರು ಕಟ್ಟಿ, ರಾತ್ರಿ 108 ವಾಹನದಲ್ಲಿ ಸಾಗಿಸಬೇಕಾಯಿತು. ಅವರ ಆಟೋ ಬಾಡಿಗೆಗೆಂದು ನಾವು ಹನ್ನೆರಡು ಮಂದಿ ಸೈಕಲ್ ಹತ್ತಿದೆವು. ದಾನಿಗಳು ಕಿಲೋಮೀಟರಿಗೆ ಇಷ್ಟು ರೂಪಾಯಿಯಂತೆ ಕೊಡುವುದಾಗಿ ಬರೆದುಕೊಟ್ಟಿದ್ದರು.

ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪದ ಮೂಲಕ ಜೋಗಕ್ಕೆ ಸುಮಾರು 100 ಕಿಲೋಮೀಟರ್. ಬಸ್ಸಿನಲ್ಲಿ ಕುಳಿತು ಹೋದವರಿಗೆ ಅದು ಸಮತಟ್ಟಾದ ದಾರಿಯೆಂದೇ ತೋರುತ್ತದೆ. ಸೈಕಲ್ ಮೇಲೆ ಕುಳಿತ ದಿನ ನನಗೆ ತಿಳಿದದ್ದು, ಅದು ಹತ್ತಿ ಇಳಿಯುವ ದಾರಿ ಎಂಬುದು.

ಮೊದಲ ವರ್ಷ ನಾನು ಮಾಡಿದ ತಪ್ಪು ಸರಳವಾದದ್ದು. ತೋಟದಲ್ಲಿ ದಿನವಿಡೀ ದುಡಿಯುವ ಮೈ, ಇದಕ್ಕೆ ಬೇರೆ ವ್ಯಾಯಾಮವೇಕೆ ಎಂದುಕೊಂಡೆ. ಇಲ್ಲಿರುವ ರೈತ ಬಂಧುಗಳಲ್ಲಿ ಬಹಳ ಜನ ಹಾಗೆಯೇ ಯೋಚಿಸುತ್ತಿರಬಹುದು. ಗದ್ದೆ ತೋಟದ ಕೆಲಸದಲ್ಲಿ ಬಗ್ಗುತ್ತೇವೆ, ಎತ್ತುತ್ತೇವೆ, ನಿಲ್ಲುತ್ತೇವೆ, ನಡುವೆ ಕವಳ ಹಾಕುತ್ತೇವೆ. ಸೈಕಲ್ಲಿನಲ್ಲಿ ಅದೇ ತೊಡೆ, ಅದೇ ಮಂಡಿ, ಅದೇ ಚಲನೆಯನ್ನು ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ ಮಾಡಬೇಕು. ದುಡಿಮೆಯ ಶಕ್ತಿ ಇದ್ದ ಮಾತ್ರಕ್ಕೆ ಈ ಸಹನೆ ಇರುವುದಿಲ್ಲ. ಅದನ್ನು ಬೇರೆಯಾಗಿಯೇ ಬೆಳೆಸಬೇಕು.

ಯಾತ್ರೆಗೆ ಮೂರು ವಾರ ಉಳಿದಾಗ ನನಗೆ ಎಚ್ಚರವಾಯಿತು. ಕಳೆದುಹೋದ ದಿನಗಳನ್ನು ತುಂಬಿಸಿಕೊಳ್ಳಲು ಪ್ರತಿದಿನ ಬೆಳಿಗ್ಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಬಿರುಸಾಗಿ ತುಳಿದೆ. ಒಂದು ದಿನವೂ ಬಿಡುವು ಕೊಡಲಿಲ್ಲ. ಎರಡನೆಯ ವಾರದಲ್ಲಿ ಬಲ ಮಂಡಿಯ ಮುಂಭಾಗದಲ್ಲಿ ನೋವು ಹುಟ್ಟಿತು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ ಮತ್ತೆ ತುಳಿದೆ. ಯಾತ್ರೆಯ ದಿನ 40ನೇ ಕಿಲೋಮೀಟರಿನಲ್ಲಿ, ಆನಂದಪುರ ಇನ್ನೂ ಮುಂದಿರುವಾಗಲೇ, ಕಾಲು ಮಡಿಸಲಾಗದೆ ಇಳಿದೆ.

ಮರುದಿನ ದಾನ ಸಂಗ್ರಹಕ್ಕೆ ಹೋದೆ. ನಮ್ಮೂರ ಅಂಗನವಾಡಿಯ ಬಳಿ ಗೂಡಂಗಡಿ ಇಟ್ಟಿರುವ ಅಜ್ಜಿಯೊಬ್ಬರು ಕಿಲೋಮೀಟರಿಗೆ 2 ರೂಪಾಯಿ ಬರೆಸಿದ್ದರು. "ಎಲ್ಲಿವರೆಗೆ ಹೋದೆ ತಮ್ಮಾ?" ಎಂದರು. ಹೇಳಿದೆ. ಡಬ್ಬಿಯಿಂದ 80 ರೂಪಾಯಿ ಎಣಿಸಿ ಕೊಟ್ಟರು. ಉಳಿದ 120ನ್ನು ಡಬ್ಬಿಯಲ್ಲೇ ಇಟ್ಟರು. ಅವರು ಮಾಡಿದ್ದು ಸರಿ. ಆದರೆ ನನ್ನ ಪಾಲಿನಿಂದ ಬರಬೇಕಾಗಿದ್ದ ಆಟೋ ಬಾಡಿಗೆಯಲ್ಲಿ ಎಷ್ಟು ಸರದಿಗಳು ಕಡಿಮೆಯಾದವೆಂದು ಆ ರಾತ್ರಿ ಲೆಕ್ಕ ಹಾಕಿದೆ. ಮುಂದಿನ ವರ್ಷದ ಸಿದ್ಧತೆ ಆ ಲೆಕ್ಕದಿಂದಲೇ ಆರಂಭವಾಯಿತು.

ಎರಡನೆಯ ವರ್ಷ ಮೊದಲು ಹೋದದ್ದು ಸೈಕಲ್ ಅಂಗಡಿಗಲ್ಲ, ಉಪಕೇಂದ್ರಕ್ಕೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯಲ್ಪಡುವ ನಮ್ಮ ಉಪಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಅಂಶದ ತಪಾಸಣೆ ಉಚಿತವಾಗಿದೆ. ನನಗೆ ರಕ್ತದೊತ್ತಡ ಹೆಚ್ಚಾಗಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಮಾತ್ರೆ ಆರಂಭಿಸಿ, ಹತೋಟಿಗೆ ಬಂದ ಮೇಲೆ ವೈದ್ಯರು ಒಪ್ಪಿದರು. ಹೆಚ್ಚಿದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳೇ ಮೂತ್ರಪಿಂಡ ಕೆಡಲು ಮುಖ್ಯ ಕಾರಣಗಳೆಂದು ಅವರು ಹೇಳಿದಾಗ, ಯಾರಿಗಾಗಿ ಸೈಕಲ್ ತುಳಿಯುತ್ತಿದ್ದೇನೋ ಅವರ ಸಾಲಿಗೇ ನಾನು ನಡೆಯುತ್ತಿದ್ದೆನೆಂಬುದು ಅರಿವಾಯಿತು. ತಮ್ಮಲ್ಲಿ ನಲವತ್ತು ದಾಟಿದವರು, ನಡೆಯುವಾಗ ಎದೆ ಹಿಡಿದಂತಾಗುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೆಸರು ಬರೆಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ಯಾತ್ರೆಯ ದಿನ ಔಷಧದ ಪ್ರಮಾಣವೇನೆಂದು ಮುಂಚೆಯೇ ಕೇಳಿಕೊಳ್ಳಬೇಕು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಬೇಕು. ಕೈ ನಡುಗಿ, ತಣ್ಣನೆಯ ಬೆವರು ಬಂದರೆ ಅದು ಆಯಾಸವೆಂದು ಬಗೆಯದೆ ಇಳಿದು ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು.

ಇನ್ನು ಸೈಕಲ್. ಹೊಸದೇ ಬೇಕೆಂದಿಲ್ಲ. ಗೇರ್ ಇರುವ ಸೈಕಲ್ ಏರಿನಲ್ಲಿ ಉಪಕಾರಿ. ಆದರೆ ನಮ್ಮಲ್ಲಿ ಇಬ್ಬರು ಮಕ್ಕಳ ಹಳೆಯ ಸೈಕಲ್ಲಿನಲ್ಲೇ ಜೋಗ ಮುಟ್ಟಿದರು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ್ದರ ಫಲವಾಗಿ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒಂದು ಸೈಕಲ್ ತುಕ್ಕು ಹಿಡಿದು ನಿಂತಿದೆ. ಅದಕ್ಕೆ ಹೊಸ ಟೈರು, ಟ್ಯೂಬು, ಬ್ರೇಕ್ ರಬ್ಬರ್ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟರೆ ಸಾಕು. ಆದರೆ ಸವಾರನ ಎತ್ತರಕ್ಕೆ ಆ ಸೈಕಲ್ ತೀರ ಚಿಕ್ಕದಾಗಿರಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಟಿನ ಎತ್ತರ. ನನ್ನ ಮಂಡಿ ನೋವಿಗೆ ಅರ್ಧ ಕಾರಣ ಅದೇ ಆಗಿತ್ತು. ನಿಂತಾಗ ಎರಡೂ ಕಾಲು ನೆಲಕ್ಕೆ ಊರಬೇಕೆಂದು ನಾವೆಲ್ಲ ಸೀಟನ್ನು ತಗ್ಗಿಸಿಕೊಳ್ಳುತ್ತೇವೆ. ಆಗ ಪ್ರತಿ ತುಳಿತದಲ್ಲೂ ಮಂಡಿ ಅತಿಯಾಗಿ ಮಡಚಿಕೊಂಡು, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಬೇಕು. ಕಾಲು ನೇರವಾಗಿ ಚಾಚಿರಬೇಕು, ಸೊಂಟ ಓರೆಯಾಗಬಾರದು. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟಾಗ ಮಂಡಿ ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಕಾಸು ಖರ್ಚಿಲ್ಲದ ಈ ಒಂದು ತಿದ್ದುಪಡಿಯಿಂದ ನನಗಾದ ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಸಿದ್ಧತೆಗೆ ಹನ್ನೆರಡು ವಾರ ಇಟ್ಟುಕೊಂಡೆ. ನಮ್ಮ ಯಾತ್ರೆ ಫೆಬ್ರವರಿ ಕೊನೆಯ ಭಾನುವಾರ; ಹಾಗಾಗಿ ಡಿಸೆಂಬರ್ ಮೊದಲ ವಾರದಿಂದ ಆರಂಭ. ಅದು ಕೊನೆಕೊಯ್ಲಿನ ಕಾಲವೆಂದು ತಾವು ಆಕ್ಷೇಪಿಸಬಹುದು. ಆದರೆ ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯ ಮೇಲೆ ಅಭ್ಯಾಸ ಸಾಧ್ಯವಿಲ್ಲ. ಮಾರ್ಚ್ ದಾಟಿದರೆ ಬಿಸಿಲು. ಉಳಿಯುವುದು ಇದೊಂದೇ ಕಾಲ. ವಾರಕ್ಕೆ ಮೂರೇ ದಿನ ಸಾಕಾಗುವುದರಿಂದ ಕೊಯ್ಲಿಗೆ ತೊಂದರೆಯಾಗಲಿಲ್ಲ.

ಮಂಗಳವಾರ ಮತ್ತು ಶುಕ್ರವಾರ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಭಾನುವಾರ ದೂರದ ಸವಾರಿ. ಆ ಭಾನುವಾರಗಳ ದೂರವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ: ಮೊದಲ ಮೂರು ವಾರ 15, 20, 25 ಕಿಲೋಮೀಟರ್, ನಾಲ್ಕನೆಯ ವಾರ ಮತ್ತೆ 20ಕ್ಕೆ ಇಳಿಕೆ. ಅನಂತರ 30, 36, 42. ಎಂಟನೆಯ ವಾರ ಪುನಃ 32. ಮುಂದೆ 50, 60, 70. ಕೊನೆಯ ವಾರ ಎರಡು ದಿನ ಹಗುರವಾದ ಸವಾರಿ, ಯಾತ್ರೆಗೆ ಮೊದಲಿನ ಎರಡು ದಿನ ಪೂರ್ಣ ವಿಶ್ರಾಂತಿ. ಅಭ್ಯಾಸದಲ್ಲಿ ನೂರು ತುಳಿಯಲೇ ಇಲ್ಲ. ಎಪ್ಪತ್ತನ್ನು ಸುಖವಾಗಿ ಮುಗಿಸಿದವನು, ನಿಧಾನವಾಗಿ ಹೊರಟರೆ, ನೂರನ್ನು ಮುಗಿಸುತ್ತಾನೆ.

ನಡುವೆ ಇಳಿಸುವುದೇಕೆ ಎಂದು ಜೊತೆಯವರು ಕೇಳುತ್ತಿದ್ದರು. ತುಳಿಯುವಾಗ ಸ್ನಾಯು ದಣಿಯುತ್ತದೆ; ಅದು ಬಲಗೊಳ್ಳುವುದು ಆಮೇಲೆ, ನಿದ್ದೆಯಲ್ಲಿ, ಬಿಡುವಿನಲ್ಲಿ. ಉಸಿರಾಟ ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮಂಡಿಯ ಸುತ್ತಲಿನ ಗಟ್ಟಿ ನಾರುಗಳು ಹದಗೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಐದನೆಯ ವಾರದಲ್ಲಿ ಹುರುಪು ಬಂದು ದೂರವನ್ನು ಇಮ್ಮಡಿಗೊಳಿಸುವವರಿಗೇ ಹೆಚ್ಚಾಗಿ ನೋವು ಬರುವುದು. ಮರುದಿನ ತೊಡೆ ಎರಡೂ ಕಡೆ ಸಮನಾಗಿ ನೋಯುತ್ತಿದ್ದರೆ ಚಿಂತೆಯಿಲ್ಲ. ಒಂದೇ ಕಡೆ, ಕೀಲಿನಲ್ಲಿ, ಚುಚ್ಚುವಂತೆ ನೋಯುತ್ತಿದ್ದರೆ ಒಂದು ವಾರ ಸೈಕಲ್ ಮುಟ್ಟಬಾರದು.

ವೇಗದ ಅಳತೆಗೆ ಯಂತ್ರ ಬೇಡ. ಪಕ್ಕದವರೊಡನೆ ಪೂರ್ಣ ವಾಕ್ಯ ಮಾತನಾಡುತ್ತ ತುಳಿಯಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ಬೇಕಾದರೆ ನಿಧಾನಿಸಬೇಕು. ಗೇರ್ ಇರುವವರು ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 80 ಸುತ್ತು ಬರುವಂತೆ ತುಳಿಯಬೇಕು. ಭಾರದ ಗೇರಿನಲ್ಲಿ ತೂಗಾಡುತ್ತ ಒತ್ತಿದರೆ ಪೆಟ್ಟು ಬೀಳುವುದು ಮಂಡಿಗೆ. ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗಲು ನಾಚಿಕೆಪಡಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹೃದ್ರೋಗ ಸಂಶೋಧನೆಗೆ ಹಣ ಕೂಡಿಸಲು ಲಂಡನ್‌ನಿಂದ ಬ್ರೈಟನ್‌ವರೆಗೆ 54 ಮೈಲಿಗಳ, ಅಂದರೆ ಸುಮಾರು 87 ಕಿಲೋಮೀಟರುಗಳ ಯಾತ್ರೆ ನಡೆಯುತ್ತದೆ. ಸಾವಿರಾರು ಜನ, ಅವರಲ್ಲಿ ಹೊಸಬರೇ ಬಹಳ. ಕೊನೆಯ ಹಂತದಲ್ಲಿ ಬರುವ ಡಿಚ್ಲಿಂಗ್ ಬೀಕನ್ ಎಂಬ ಗುಡ್ಡದಲ್ಲಿ ಎಷ್ಟೋ ಮಂದಿ ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ಅವರ ದಾನದಲ್ಲಿ ಯಾರೂ ಕಡಿತ ಮಾಡುವುದಿಲ್ಲ.

ಸೈಕಲ್ ಹತ್ತದ ದಿನಗಳಲ್ಲಿ ಮನೆಯಲ್ಲೇ ಹತ್ತು ನಿಮಿಷ: ಕುರ್ಚಿಯಿಂದ ಕೈ ಊರದೆ ಹದಿನೈದು ಬಾರಿ ಎದ್ದು ಕೂರುವುದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತಿ ಹಿಡಿಯುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಇಷ್ಟೇ.

ನಮ್ಮ ಗುಂಪಿನಲ್ಲಿ ನಾಲ್ವರು ಮಹಿಳೆಯರಿದ್ದರು. ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದಾಗಿರುವಾಗ ಯಾತ್ರೆಯಲ್ಲಿ ನಾಲ್ವರೇ ಎಂಬುದು ನನಗೆ ಇಂದಿಗೂ ಕೊರತೆಯಾಗಿ ಕಾಣುತ್ತದೆ. ಅವರಲ್ಲಿ ನಲವತ್ತು ದಾಟಿದ ಸದಸ್ಯೆಯೊಬ್ಬರಿಗೆ ಸೈಕಲ್ಲೇ ಬರುತ್ತಿರಲಿಲ್ಲ. ಅವರು ಶಾಲೆಯ ಆಟದ ಮೈದಾನದಲ್ಲಿ ಸಂಜೆ ಹೊತ್ತು ಕಲಿತರು. ಎರಡೂ ಪೆಡಲ್ ಬಿಚ್ಚಿ, ಸೀಟನ್ನು ತಗ್ಗಿಸಿ, ಕಾಲಿನಿಂದ ನೆಲವನ್ನು ಒದ್ದು ಜಾರುತ್ತ ಮೊದಲು ಸಮತೋಲನ ಕಲಿಯುವುದು. ಕಾಲೆತ್ತಿ ಹತ್ತು ಮಾರು ಸಾಗಲು ಬಂದ ಮೇಲೆ ಪೆಡಲ್ ಹಾಕುವುದು. ಹಿಂದಿನಿಂದ ಯಾರೂ ಸೀಟು ಹಿಡಿದು ಓಡಬೇಕಾಗಿಲ್ಲ. ಒಂದು ವಾರದಲ್ಲಿ ಅವರಿಗೆ ಬಂತು. ಸೀರೆ ಚೈನಿಗೆ ಸಿಕ್ಕೀತೆಂದು ಚೂಡಿದಾರಕ್ಕೆ ಬದಲಾದರು. ಅದಕ್ಕೆ ಮನೆಯಲ್ಲಿ ನಡೆದ ಚರ್ಚೆ ಸಮತೋಲನಕ್ಕಿಂತ ಕಷ್ಟವಾಗಿತ್ತೆಂದು ಅವರೇ ಹೇಳುತ್ತಿದ್ದರು. ಅವರು ಸಾಗರದವರೆಗೆ, ಅಂದರೆ 70 ಕಿಲೋಮೀಟರಿಗೂ ಮಿಗಿಲಾಗಿ ತುಳಿದರು.

ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತೊಂದಿದೆ. ಹೊಸಬರು ಅರ್ಧಕ್ಕೆ ನಿಲ್ಲಿಸಲು ಮಂಡಿಯಷ್ಟೇ ಕಾರಣವಾಗುವುದು ಕುಳಿತುಕೊಳ್ಳುವ ಜಾಗದ ಉರಿ. ದಪ್ಪ ಹೊಲಿಗೆಯ ಒಳಉಡುಪು, ಜೀನ್ಸ್ ಪ್ಯಾಂಟು ಬೇಡ. ಮೆತ್ತೆ ಇರುವ ಸೈಕಲ್ ಚಡ್ಡಿ ಸಿಗುತ್ತದೆ. ಅದರ ಮೇಲೆ ಸಡಿಲ ಪ್ಯಾಂಟು ತೊಡಬಹುದು. ಉಜ್ಜುವ ಕಡೆ ಮೊದಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಬೇಕು. ಕಾಲು ಗಂಟೆಗೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಬೇಕು. ಕೈಬೆರಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಹಿಡಿತ ಬದಲಿಸಬೇಕು. ಯಾತ್ರೆಯ ದಿನ ಹೊಸ ಬಟ್ಟೆ, ಹೊಸ ಚಪ್ಪಲಿ, ಹೊಸ ಸೀಟು ಯಾವುದೂ ಬೇಡ.

ಆಹಾರದ ವಿಷಯದಲ್ಲಿ ಅಂಗಡಿಯ ಪುಡಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಹೊರಡುವ ಒಂದೂವರೆ ಗಂಟೆ ಮೊದಲು ಅವಲಕ್ಕಿ ಅಥವಾ ಇಡ್ಲಿ. ದಾರಿಯಲ್ಲಿ ಬಾಳೆಹಣ್ಣು, ಕಡಲೆ ಮಿಠಾಯಿ, ಬೆಲ್ಲದುಂಡೆ. ಗಂಟೆಗೊಮ್ಮೆ ಸ್ವಲ್ಪ ತಿನ್ನಬೇಕು, ಹಸಿವಾಗುವವರೆಗೆ ಕಾಯಬಾರದು. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು, ಗುಟುಕು ಗುಟುಕಾಗಿ. ಒಮ್ಮೆಲೇ ಲೀಟರುಗಟ್ಟಲೆ ಬರಿಯ ನೀರು ಕುಡಿಯುವುದೂ ಅಪಾಯವೇ. ಬಿಸಿಲೇರಿದ ಮೇಲೆ ಓಆರ್‌ಎಸ್. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಅಳತೆ. ರಕ್ತದೊತ್ತಡದವರು ಉಪ್ಪಿನ ವಿಷಯವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸಾಗರದಲ್ಲಿ ಮಧ್ಯಾಹ್ನ ಒಂದು ಗಂಟೆ ತಂಗಿದೆವು. ಅಲ್ಲಿ ಹೋಳಿಗೆ ಊಟ ಸಿದ್ಧವಾಗಿತ್ತು. ಹೊಟ್ಟೆ ತುಂಬ ಉಂಡವರು ತಾಳಗುಪ್ಪದವರೆಗೆ ಪಶ್ಚಾತ್ತಾಪಪಟ್ಟರು. ಮಜ್ಜಿಗೆ ಅನ್ನ ಉಂಡವರು ಸುಖವಾಗಿದ್ದರು.

ರಸ್ತೆಯ ಶಿಸ್ತು ಸಂಘಟಕರಾದ ತಮ್ಮ ಹೊಣೆ. ಎಲ್ಲರಿಗೂ ಹೆಲ್ಮೆಟ್, ಹಿಂದೆ ಕೆಂಪು ಪ್ರತಿಫಲಕ. ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ಲಿನಷ್ಟು ಅಂತರ. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೆಲ್ಲನೆ ಹಿಡಿಯಬೇಕು. ಮುಂದಿನದನ್ನೊಂದೇ ಬಿಗಿದರೆ ತಲೆಕೆಳಗಾಗುತ್ತೇವೆ. ಬೆಳಕು ಹರಿಯುವ ಮುನ್ನ ಹೊರಡಬಾರದು. ಠಾಣೆಗೂ ಆಸ್ಪತ್ರೆಗೂ ಮುಂಚಿತವಾಗಿ ತಿಳಿಸಿರಬೇಕು. ಹಿಂದೆ ಒಂದು ವಾಹನ ಬರಬೇಕು. ಎದೆನೋವು, ಎಡತೋಳಿನ ಸೆಳೆತ, ತಲೆಸುತ್ತು ಇವುಗಳಲ್ಲಿ ಯಾವುದು ಬಂದರೂ ಸವಾರನ ಮಾತನ್ನು ಕೇಳದೆ ಇಳಿಸಿ, 108ಕ್ಕೆ ಕರೆ ಮಾಡಬೇಕು.

ಎರಡನೆಯ ವರ್ಷ ದಾನದ ಕರಾರನ್ನು ನಾವು ಬದಲಿಸಿದೆವು. ಕಿಲೋಮೀಟರ್ ಲೆಕ್ಕವನ್ನು ಕೈಬಿಟ್ಟು, ಹನ್ನೆರಡು ವಾರದ ಅಭ್ಯಾಸ ಮುಗಿಸಿ ಹೊರಟ ಪ್ರತಿ ಸವಾರನಿಗೆ ಇಂತಿಷ್ಟು ಎಂದು ನಿಗದಿ ಮಾಡಿದೆವು. ಕಿಲೋಮೀಟರಿನ ಲೆಕ್ಕವಿದ್ದರೆ ನೋವಿದ್ದವನೂ ಮರ್ಯಾದೆಗೆ ಅಂಜಿ ತುಳಿಯುತ್ತಾನೆ. ಮೊದಲ ವರ್ಷ ನಾನು ಹತ್ತು ಕಿಲೋಮೀಟರ್ ಹೆಚ್ಚಿಗೆ ತುಳಿದದ್ದು ಹಾಗೆಯೇ. ಆ ಹತ್ತು ಕಿಲೋಮೀಟರಿಗೆ ಎರಡು ತಿಂಗಳು ಕುಂಟಿದೆ. ಇದನ್ನು ಒಪ್ಪದವರೂ ನಮ್ಮಲ್ಲಿದ್ದಾರೆ; ದೂರದ ಲೆಕ್ಕವಿದ್ದರೆ ಹಣ ಹೆಚ್ಚು ಬರುತ್ತದೆಂಬುದು ಅವರ ವಾದ. ನನ್ನ ಅಭಿಪ್ರಾಯ ಬದಲಾಗಿಲ್ಲ. ಹಣವನ್ನು ಐವರ ಸಮಿತಿಯ ಹೆಸರಿನ ಖಾತೆಯಲ್ಲಿ, ಇಬ್ಬರ ಸಹಿಯೊಂದಿಗೆ ಇರಿಸಿದೆವು. ಪಂಚಾಯತಿಯ ನಿಧಿಯೊಂದಿಗೆ ಅದನ್ನು ಬೆರೆಸಲಿಲ್ಲ. ಪ್ರತಿಯೊಂದು ರೂಪಾಯಿಗೂ ರಸೀದಿ. ಆಟೋದವರಿಗೆ ಸರದಿಗೊಂದು ಚೀಟಿ, ಅದರ ಮೇಲೆ ರೋಗಿಯ ಕಡೆಯವರ ಸಹಿ. ತಿಂಗಳಿಗೊಮ್ಮೆ ಲೆಕ್ಕವನ್ನು ಸೂಚನಾ ಫಲಕಕ್ಕೆ ಅಂಟಿಸುವುದು.

ಆ ವರ್ಷ ಬೆಳಿಗ್ಗೆ ಆರೂವರೆಗೆ ಶಿವಮೊಗ್ಗ ಬಿಟ್ಟು, ಸಂಜೆ ನಾಲ್ಕರ ಸುಮಾರಿಗೆ ಜೋಗ ಮುಟ್ಟಿದೆ. ಫೆಬ್ರವರಿಯಾದ್ದರಿಂದ ಜಲಪಾತದಲ್ಲಿ ನೀರು ಅಷ್ಟಕ್ಕಷ್ಟೇ. ಮರುದಿನ ಗೂಡಂಗಡಿಯ ಅಜ್ಜಿ, "ಮುಟ್ಟಿದೆಯಾ?" ಎಂದು ಕೇಳಿ 200 ರೂಪಾಯಿ ಕೊಟ್ಟು, ರಸೀದಿಯನ್ನು ಬೆಳಕಿಗೆ ಹಿಡಿದು ಓದಿಸಿಕೊಂಡರು. ಕೊನೆಗೌಡರು ಅಂದಿನಿಂದ ಈವರೆಗೆ ಒಂದು ಸರದಿಯನ್ನೂ ತಪ್ಪಿಸಿಲ್ಲ.

ಹೊರಗೆ ಜಗುಲಿಯಲ್ಲಿ ನನ್ನ ಸೈಕಲ್ ನಿಲ್ಲಿಸಿದ್ದೇನೆ, ಸ್ಪ್ಯಾನರ್ ಕೂಡ ಇದೆ. ಚಹಾ ವಿರಾಮದಲ್ಲಿ ಆಸಕ್ತರು ಒಬ್ಬೊಬ್ಬರಾಗಿ ಹತ್ತಿ ಕುಳಿತರೆ, ಸೀಟಿನ ಎತ್ತರ ಎಷ್ಟಿರಬೇಕೆಂಬುದನ್ನು ತೋರಿಸುತ್ತೇನೆ.